ಇನ್ನು ಮುಂದೆ ದೊಡ್ಡ ಕುಂಡದ ಹುಲ್ಲು ಇಲ್ಲ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ ಮಳೆಗಾಲದಿಂದ ನಮ್ಮ ಸಹಕಾರಿ ನರ್ಸರಿಯಲ್ಲಿ ದೇಸಿ ಹುಲ್ಲುಗಳು ದೊಡ್ಡ ಕುಂಡದಲ್ಲಿ ಸಿಗುವುದಿಲ್ಲ. ಬುಡ ಸೀಳಿ ತೆಗೆದ, ಮೂರು ನಾಲ್ಕು ತೆಂಡೆಯ (ಬುಡದಿಂದ ಒಡೆಯುವ ಕವಲಿನ) ಸಣ್ಣ ಸಸಿಗಳನ್ನಷ್ಟೇ ಕೊಡುತ್ತೇವೆ. ಅದೂ ಮಳೆ ಹಿಡಿದ ಮೇಲೆ. ಬೇಸಿಗೆಯಲ್ಲಿ ಬಂದು ಕೇಳಿದರೆ ಇಲ್ಲ ಎನ್ನುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.

ಕಳೆದ ಬೇಸಿಗೆಯಲ್ಲಿ ಒಬ್ಬರು ಒಣಗಿದ ಲಾವಂಚದ ಬುಡವನ್ನು ವಾಪಸ್ ತಂದರು. ನೆಟ್ಟು 5 ತಿಂಗಳಾಗಿತ್ತಂತೆ. ಮಣ್ಣು ಕೊಡವಿ ನೋಡಿದರೆ ಬೇರು ಇನ್ನೂ ನಮ್ಮ ಕುಂಡದ ಆಕಾರದಲ್ಲೇ ಸುತ್ತಿಕೊಂಡು ಕೂತಿತ್ತು. ಒಂದೆಳೆಯೂ ತೋಟದ ಮಣ್ಣಿಗೆ ಇಳಿದಿರಲಿಲ್ಲ. ನಾವು ತುಂಬಿದ್ದ ತೆಂಗಿನ ನಾರಿನ ಪುಡಿ ಬೆಂಡಿನಂತೆ ಒಣಗಿ, ಅವರು ಹಾಕಿದ ನೀರೆಲ್ಲ ಪಕ್ಕದಿಂದ ಜಾರಿಹೋಗಿತ್ತು. ತಪ್ಪು ಅವರದಲ್ಲ, ನಮ್ಮದು. ಒಳ್ಳೆಯ ಮಣ್ಣು ಸಿಕ್ಕರೆ ಒಂದೇ ವರ್ಷದಲ್ಲಿ 3 ಮೀಟರ್ ಆಳಕ್ಕೆ ಬೇರು ಬಿಡಬಲ್ಲ ಹುಲ್ಲು ಅದು. ಕಡಿಮೆ ನೀರಲ್ಲಿ ಬಾಳುವುದೂ ಆ ಬೇರಿನ ಬಲದಿಂದಲೇ. ಅದನ್ನು ಕುಂಡದಲ್ಲಿ ಕೊಬ್ಬಿಸಿ ಕೊಟ್ಟರೆ ನೋಡಲು ಚೆಂದ, ಅಷ್ಟೇ.

ಸಣ್ಣ ಸಸಿ ಮೊದಲ ವರ್ಷ ಬಡಕಲಾಗಿಯೇ ಇರುತ್ತದೆ, ಅದರ ಗಮನವೆಲ್ಲ ಕೆಳಗೆ. ಗೊಬ್ಬರ ಸುರಿದು ಅವಸರ ಮಾಡಬೇಡಿ. ಸಾರಜನಕ ಹೆಚ್ಚಾದರೆ ಗರಿ ಸೊಂಪಾಗಿ ಬೆಳೆದು ಮಗ್ಗುಲಿಗೆ ಬೀಳುತ್ತದೆ. ನೆಡುವಾಗ ಬುಡ ಮಣ್ಣಿನ ಮಟ್ಟಕ್ಕಿರಲಿ, ಹೂತರೆ ಕೊಳೆಯಬಹುದು. ಮಳೆ ಕೈಕೊಟ್ಟರೆ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ನೀರು ಬಿಡಿ. ದಿನಾ ಚಿಮುಕಿಸುವುದು ಬೇಡ. ಮೇಲೇ ನೀರು ಸಿಕ್ಕುತ್ತಿದ್ದರೆ ಬೇರು ಯಾಕೆ ಕೆಳಗಿಳಿದೀತು?

ಒಣಗಿದಂತೆ ಕಂಡಿತೆಂದು ಕಿತ್ತೆಸೆಯುವವರೂ ಇದ್ದಾರೆ. ಬುಡದ ಒಂದು ತೆಂಡೆಯನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಹಸಿಯಾಗಿ, ತಿಳಿಹಸಿರಾಗಿ ಇದ್ದರೆ ಜೀವವಿದೆ. ಹೊಸ ಚಿಗುರು ಬರುವ ಮುನ್ನ ವರ್ಷಕ್ಕೊಮ್ಮೆ 15 ಸೆಂ.ಮೀ. ಬಿಟ್ಟು ಕತ್ತರಿಸಿದರೆ ಸಾಕು. ಲಾನ್ ಥರ ಬುಡಮಟ್ಟ ಬೋಳಿಸಬೇಡಿ.

ಈಗಾಗಲೇ ದೊಡ್ಡ ಕುಂಡ ಒಯ್ದು ಇನ್ನೂ ನೆಡದವರು ಬೇರಿನ ಸುರುಳಿಯನ್ನು ಚಾಕುವಿನಿಂದ ನಾಲ್ಕು ಕಡೆ ಗೀರಿ ನೆಡಿ, ಇಲ್ಲವೇ ಬುಡವನ್ನೇ ಎರಡು ಮೂರಾಗಿ ಸೀಳಿಬಿಡಿ. ನೆಟ್ಟದ್ದು ಸತ್ತಿದ್ದರೆ ಮಳೆ ಶುರುವಾದ ಮೇಲೆ ಬದಲಿ ಸಸಿ ಕೊಡುತ್ತೇವೆ, ಹಣ ಬೇಡ. ಬರುವಾಗ ಆ ಒಣಗಿದ ಬುಡವನ್ನೂ ತನ್ನಿ, ಬೇರು ಎಲ್ಲಿ ನಿಂತಿದೆ ಎಂದು ನೋಡಬೇಕು.

ಇತಿ,
ನರ್ಸರಿ ಬಳಗ