ನೂರು ಬುಧವಾರ ದಾಟಿಸಿದವರಿಗೆ

ಕಳೆದ ಬುಧವಾರ ನಮ್ಮ ಕೂಟಕ್ಕೆ ನೂರು ವಾರ ತುಂಬಿತು. ಮರೆಗುಳಿ ಕಾಯಿಲೆ ಇರುವ ಹಿರಿಯರು, ಅವರನ್ನು ನೋಡಿಕೊಳ್ಳುವ ಮನೆಯವರು ವಾರಕ್ಕೊಮ್ಮೆ ಉಡುಪಿಯ ಒಂದು ಹಳೆ ಮನೆಯ ಚಾವಡಿಯಲ್ಲಿ ಸೇರುವ ಕೂಟ ಇದು. ಬೋರ್ಡಿಲ್ಲ, ಮೈಕಿಲ್ಲ. ಹತ್ತೂವರೆಗೆ ಶುರು, ಹನ್ನೊಂದೂವರೆಗೆ ಮುಕ್ತಾಯ. ಊರಿನ ಇಷ್ಟೊಂದು ಕೈಗಳು ಸೇರದಿದ್ದರೆ ಇದು ಹತ್ತು ವಾರವೂ ನಡೆಯುತ್ತಿರಲಿಲ್ಲ. ಎಲ್ಲರಿಗೂ ಧನ್ಯವಾದ ಎಂದು ಒಂದೇ ಮಾತಿನಲ್ಲಿ ಮುಗಿಸಲು ಮನಸ್ಸಾಗಲಿಲ್ಲ. ಯಾರು ಏನು ಕೊಟ್ಟಿರಿ, ಅದು ಹೇಗೆ ಕೆಲಸಕ್ಕೆ ಬಂತು ಎಂದು ಬಿಡಿಸಿ ಬರೆದರೆ ಇಂಥದೇ ದಿನಗಳನ್ನು ಕಳೆಯುತ್ತಿರುವ ಇನ್ನೊಂದು ಮನೆಗೂ ಬೇಕಾದೀತು.

ಮೊದಲ ನಮಸ್ಕಾರ ಶಂಕರಪುರದ ಮಲ್ಲಿಗೆ ಬೆಳೆಗಾರರಿಗೆ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಕಟ್ಟದೆ, ಬಿಡಿಯಾಗಿಯೇ ಬಾಳೆಲೆಯಲ್ಲಿ ಸುತ್ತಿ ಕಳುಹಿಸಿದಿರಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲೇ ಸಂಸಾರ ನಡೆಸಿದ ಅಮ್ಮಂದಿರು ನಮ್ಮಲ್ಲಿ ಇದ್ದಾರೆ. ಮಗಳ ಹೆಸರು ನಾಲಗೆಗೆ ಬಾರದವರ ಬೆರಳು ಕೂಡ ಬಾಳೆನಾರು ಸಿಕ್ಕಿದ ಕೂಡಲೇ ಗಂಟು ಹಾಕಲು ಶುರುಮಾಡುತ್ತದೆ. ಅದರಲ್ಲಿ ಪವಾಡವೇನೂ ಇಲ್ಲ. ಮರೆಗುಳಿಯಲ್ಲಿ ಹೆಚ್ಚಾಗಿ ಕಾಣುವ ಬಗೆಯಾದ ಅಲ್ಜೈಮರ್ಸ್‌ನಲ್ಲಿ ಹೊಸ ಸಂಗತಿಗಳನ್ನು ಹಿಡಿದಿಡುವ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಬೇಗ ಸೊರಗುತ್ತದೆ. ಕೈಗೆ ರೂಢಿಯಾದ ಕೆಲಸದ ನೆನಪು ಮಿದುಳಿನ ಬೇರೆ ಕಡೆಗಳನ್ನು ನೆಚ್ಚಿಕೊಂಡಿರುವುದರಿಂದ ಎಷ್ಟೋ ಕಾಲ ಉಳಿಯುತ್ತದೆ. ನಮ್ಮ ಕೂಟದ ಅರ್ಧ ಬಂಡವಾಳ ಇದೇ.

ಮನೆಯಲ್ಲಿ ಮಾಡುವವರಿಗೆ ಕೆಲವು ಮಾತು. ಒಣ ನಾರು ತುಂಡಾಗುತ್ತದೆ, ತುಂಡಾದರೆ ಅವರಿಗೆ ಸಿಟ್ಟು ಬರುತ್ತದೆ. ಹತ್ತು ನಿಮಿಷ ನೀರಲ್ಲಿ ನೆನೆಸಿ, ತೆಳ್ಳಗೆ ಸೀಳಿ ಕೊಡಿ. ಒಬ್ಬರ ಮುಂದೆ 30-40 ಮೊಗ್ಗು ಸಾಕು. ರಾಶಿ ಸುರಿದರೆ "ಇಷ್ಟೂ ಮುಗಿಸಬೇಕಾ" ಎಂದು ಗಾಬರಿಯಾಗುತ್ತದೆ. ಅರಳಿದ ಹೂ ಗಂಟಿನಿಂದ ಜಾರುತ್ತದೆ, ಆದ್ದರಿಂದ ಮಧ್ಯಾಹ್ನದೊಳಗೆ ಮುಗಿಸಿದರೆ ಒಳ್ಳೆಯದು. ಬೆರಳು ನಡುಗುವವರಿಗೆ ಗಂಟಿನ ಕೆಲಸ ಬೇಡ, ಮೊಂಡು ತುದಿಯ ಪ್ಲಾಸ್ಟಿಕ್ ಸೂಜಿಗೆ ದಪ್ಪ ನೂಲು ಹಾಕಿ ಸೇವಂತಿಗೆ ಪೋಣಿಸಲು ಕೊಡಬಹುದು. ಕಟ್ಟಿದ ಮಾಲೆ ಸೊಟ್ಟಗಿದ್ದರೂ ಬಿಚ್ಚಿ ಸರಿಮಾಡಲು ಹೋಗಬೇಡಿ. ಇನ್ನೊಂದು ಸೂಕ್ಷ್ಮ ಉಂಟು. ಗಂಡ ತೀರಿಹೋದ ಅಮ್ಮನ ಮುಡಿಗೆ ಪ್ರೀತಿಯಿಂದಲೇ ಹೂ ಇಡಲು ಹೋದರೂ ಅವರಿಗೆ ಅಥವಾ ಮನೆಯವರಿಗೆ ನೋವಾಗಬಹುದು. ಮೊದಲೇ ಕೇಳಿಕೊಳ್ಳಬೇಕು. ದೇವರಿಗೆಂದು ಕಟ್ಟಲು ಯಾರಿಗೂ ಅಡ್ಡಿಯಿಲ್ಲ.

ಮನೆಮನೆಗೆ ಎಲೆ ಕೊಟ್ಟು ಕಟ್ಟಿದ ಬೀಡಿ ಕೊಳ್ಳುವ ಬೀಡಿ ಬ್ರಾಂಚಿನವರು ತಿಂಗಳಿಗೊಂದು ಕಟ್ಟು ಎಲೆ ಕೊಟ್ಟರು. ಕರಾವಳಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿಗೆ ಒದ್ದೆ ಎಲೆಯ ವಾಸನೆಯೇ ಒಂದು ಮಾತುಕತೆ. ಹೊಗೆಸೊಪ್ಪು ಹತ್ತಿರವೂ ಬರಬಾರದು, ಖಾಲಿ ಎಲೆಯನ್ನು ಸುರುಟಿ ನೂಲು ಸುತ್ತಿದರೆ ಆಯಿತು. ಎಲೆ ಮೊದಲೇ ಕತ್ತರಿಸಿಡಿ. ಹಠ ಹಿಡಿದು ಕತ್ತರಿ ಕೇಳುವವರಿಗೆ ಮೊನೆ ಮೊಂಡಾದ ಮಕ್ಕಳ ಕತ್ತರಿ ಕೊಟ್ಟು, ಪಕ್ಕದಲ್ಲಿ ಒಬ್ಬರು ಕೂರಬೇಕು.

ಟೈಲರ್ ಅಕ್ಕನಿಗೆ ಎಷ್ಟು ಹೇಳಿದರೂ ಸಾಲದು. ಸದಾ ಸೆರಗು ಎಳೆಯುವ, ಹೊದಿಕೆಯ ನೂಲು ಕೀಳುವ ಕೈಗಳಿಗಾಗಿ ಅವರು ಮಡಿಲ ಬಟ್ಟೆ ಹೊಲಿದುಕೊಟ್ಟರು. ಅಳತೆ 24 ಇಂಚು ಉದ್ದ, 18 ಇಂಚು ಅಗಲ. ಅಡಿಭಾಗಕ್ಕೆ ದಪ್ಪ ಹತ್ತಿಬಟ್ಟೆ, ಒಂದೇ ಬಣ್ಣದ್ದು. ಚಿತ್ತಾರದ ಬಟ್ಟೆಯಾದರೆ ಹೂವನ್ನು ನಿಜವೆಂದು ಕೀಳಲು ಹೋಗುತ್ತಾರೆ. ಮೇಲೆ ಹಳೆ ಸೀರೆಯ ಅಂಚು, ರೇಷ್ಮೆಯ ತುಂಡು, ಒರಟು ಕೈಮಗ್ಗದ ತುಂಡು, ಆರು ಇಂಚಿನ ಜಿಪ್ಪು, ಮೂರು ಎಳೆಯ ಹೆಣೆದ ಜಡೆ, ಒಳಗೆ ಕರ್ಚೀಫು ಇಟ್ಟ ಒಂದು ಕಿಸೆ. ಗುಂಡಿ ದೊಡ್ಡ ಕೋಟಿನದ್ದೇ ಆಗಬೇಕು, ಎರಡೆಳೆ ದಾರದಲ್ಲಿ ಹೊಲಿದು, ಪ್ರತಿ ಸಲ ಕೊಡುವ ಮುಂಚೆ ಬಲವಾಗಿ ಎಳೆದು ನೋಡಬೇಕು. ಮಣಿ, ಕನ್ನಡಿಚೂರು, ಮುತ್ತು ಬೇಡವೇ ಬೇಡ, ಸಡಿಲವಾದರೆ ನೇರ ಬಾಯಿಗೆ ಹೋಗುತ್ತದೆ. ಸೊಂಟಕ್ಕೆ ಕಟ್ಟುವ ದಾರವೂ ಕೂಡದು. ದಾರ ಕಟ್ಟಿದರೆ ಅದು ಅವರನ್ನು ಕುರ್ಚಿಗೆ ಕಟ್ಟಿಹಾಕಿದ ಹಾಗೆ. ಸುಮ್ಮನೆ ಮಡಿಲ ಮೇಲೆ ಹಾಸುವುದು, ಬೇಡವೆಂದರೆ ತೆಗೆಯುವುದು.

ಹಳೆ ಬೈರಾಸು (ಮೈ ಒರೆಸುವ ಬಟ್ಟೆ) ಕೊಟ್ಟ ಮನೆಗಳಿಗೂ ವಂದನೆ. ಹತ್ತು ಬೈರಾಸು ಮಡಚಿ ಪೇರಿಸುವಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ. ಬೆಳ್ತಿಗೆ ಅಕ್ಕಿ ಒಂದು ಪಾವು, ಅದರಲ್ಲಿ ಅರ್ಧ ಹಿಡಿ ಹೆಸರುಕಾಳು ಬೆರೆಸಿ ಗೆರಸೆಯಲ್ಲಿ (ಮೊರದಲ್ಲಿ) ಕೊಟ್ಟರೆ ಆರಿಸುತ್ತಾ ಕೂರುತ್ತಾರೆ. ಕುಚ್ಚಲಕ್ಕಿಯಲ್ಲಿ ಭತ್ತ ಬೆರೆಸಿ ಕೊಟ್ಟರೆ ಕಣ್ಣಿನ ಪೊರೆ ಇರುವವರಿಗೆ ಬಣ್ಣದ ಭೇದ ಗೊತ್ತಾಗುವುದಿಲ್ಲ. ಈ ಎರಡು ಕೆಲಸದಲ್ಲಿ ತಪ್ಪು ಆಗುವುದು ಒಂದೇ ಕಡೆ: ಆರಿಸಿ ಮುಗಿಸಿದ್ದನ್ನು, ಮಡಚಿ ಇಟ್ಟದ್ದನ್ನು ಅವರ ಕಣ್ಣೆದುರೇ ಮತ್ತೆ ಬೆರೆಸಿ, ಕೆದರಿ, "ಇನ್ನೊಮ್ಮೆ ಮಾಡಿ" ಎನ್ನುವುದು. ಮರೆವು ಇದ್ದರೂ ಅವಮಾನ ಗೊತ್ತಾಗುತ್ತದೆ. ಮುಗಿದದ್ದನ್ನು "ಒಳ್ಳೆ ಉಪಕಾರ ಆಯ್ತು ಅಮ್ಮ" ಎಂದು ಒಳಗೆ ಒಯ್ಯಿರಿ. ಬೇಕಿದ್ದರೆ ಒಳಗಿನಿಂದ ಬೇರೆ ಬುಟ್ಟಿ ಬರಲಿ.

ಹಲಸಿನ ಕಾಲದಲ್ಲಿ ಹಪ್ಪಳದ ಹಿಟ್ಟು ರುಬ್ಬಿ ಕಳುಹಿಸಿದ ಮನೆಯವರೇ, ಮೆಣಸು ಹಾಕದೆ ಕಳುಹಿಸಿದ್ದಕ್ಕೆ ವಿಶೇಷ ಧನ್ಯವಾದ. ಖಾರ ಮೆತ್ತಿದ ಬೆರಳು ಯಾವಾಗ ಕಣ್ಣಿಗೆ ಹೋಗುತ್ತದೆ ಎಂದು ಹೇಳಲಾಗದು. ಲಿಂಬೆಗಾತ್ರದ ಉಂಡೆ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆ, ಒತ್ತಲು ಒಂದು ಮಣೆ. ಒಬ್ಬರು ಉಂಡೆ ಕಟ್ಟಿ, ಇನ್ನೊಬ್ಬರು ಒತ್ತಿ, ಮತ್ತೊಬ್ಬರು ಚಾಪೆಗೆ ಹಾಕಿದರೆ ಮಾತೇ ಬೇಡ.

ಗಂಡಸರ ಪಾಲಿಗೆ ಏನು ಎಂಬ ಪ್ರಶ್ನೆ ಬಹಳ ದಿನ ಕಾಡಿತ್ತು. ಹೂ, ಅಕ್ಕಿ ಮುಂದಿಟ್ಟರೆ ಕೆಲವರು ಮುಖ ತಿರುಗಿಸುತ್ತಿದ್ದರು. ಮಲ್ಪೆಯ ಮೀನುಗಾರ ಅಣ್ಣಂದಿರು ಹರಿದ ಬಲೆಯ ಒಂದು ಮೀಟರ್ ತುಂಡು, ಬಲೆ ಹೆಣೆಯುವ ಮರದ ಸೂಜಿ ತಂದುಕೊಟ್ಟರು. ತೋಟದವರು ಹೆಣೆಯಲು ಹಸಿ ಮಡಲು (ತೆಂಗಿನ ಗರಿ) ತಂದರು. ಬಲೆಯ ತುಂಡಿಗಿಂತ ಉದ್ದದ ಹಗ್ಗ ಬೇಡ, ಕುತ್ತಿಗೆಗೋ ಕಾಲಿಗೋ ಸುತ್ತಿಕೊಳ್ಳುತ್ತದೆ. ಮಡಲಿನ ಚೂಪು ತುದಿ ಕತ್ತರಿಸಿಯೇ ಕೊಡಬೇಕು. ಲೆಕ್ಕ ಬರೆದ ಕೈಗೆ ಹಳೆ ಜಮಾಖರ್ಚಿನ ಪುಸ್ತಕ, ಕೃಷಿಕನಿಗೆ ಅಡಿಕೆ ಸುಲಿಯುವ ಮಣೆಯಲ್ಲ (ಅದರ ಕತ್ತಿ ಅಪಾಯ), ಆದರೆ ಸುಲಿದಿಟ್ಟ ಅಡಿಕೆ ವಿಂಗಡಿಸುವ ಕೆಲಸ.

ಅಜ್ಜಿಯ ಕಾಲದ ಹಲಸಿನ ಮರದ ಚೆನ್ನೆಮಣೆಯನ್ನು (ಅಳಗುಳಿಮಣೆ) ಕೊಟ್ಟುಬಿಟ್ಟ ಕುಟುಂಬಕ್ಕೆ ನಾವು ಋಣಿ. 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಪೂರ್ತಿ ಆಟದ ನಿಯಮ, ಗೆಲುವು ಸೋಲು ನಮಗೆ ಬೇಡ. ಕಾಯಿ ಎತ್ತಿ ಒಂದೊಂದಾಗಿ ಬಿಡುತ್ತಾ ಹೋಗುವುದೇ ಆಟ. ಮರದ ಮೇಲೆ ಕಾಯಿ ಬೀಳುವ ಟಕ್ ಟಕ್ ಸದ್ದಿಗೆ ಆಟಿ ತಿಂಗಳ ಮಳೆಯ ನೆನಪು ತಾನಾಗಿ ಬರುತ್ತದೆ. ಶುರುವಿಗೆ 56 ಎಣಿಸಿ, ಮುಗಿದ ಮೇಲೆ 56 ಎಣಿಸಿಯೇ ಡಬ್ಬಿ ಮುಚ್ಚಬೇಕು. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವವರಿದ್ದರೆ ಆಟವೇ ಬೇಡ. ಒಮ್ಮೆ ಮಂಜೊಟ್ಟಿಯ ಜೊತೆ ಗುಲಗಂಜಿಯೂ ಬೆರೆತು ಬಂದಿತ್ತು. ಮಂಜೊಟ್ಟಿ ಇಡೀ ಕೆಂಪು, ಗುಲಗಂಜಿ ಚಿಕ್ಕದು, ಕೆಂಪಿನ ಒಂದು ತುದಿಯಲ್ಲಿ ಕಪ್ಪು. ಅದು ವಿಷ, ಜಗಿದರೆ ಜೀವಕ್ಕೇ ಅಪಾಯ. ಮನೆಯ ಹಳೆ ಡಬ್ಬಿಗಳನ್ನು ಒಮ್ಮೆ ಬಿಚ್ಚಿ ನೋಡಿ.

ಭಜನಾ ಮಂಡಳಿಯ ಅಕ್ಕಂದಿರು ತಮ್ಮ ವೇಗವನ್ನೇ ನಮಗಾಗಿ ಬಿಟ್ಟುಕೊಟ್ಟರು. ಅರ್ಧದಷ್ಟು ನಿಧಾನ, ಒಂದೇ ಚರಣ ಮೂರು ಸಲ, ಹಿರಿಯರು ಸೇರಿಕೊಳ್ಳುವವರೆಗೆ ಕಾಯುವುದು. ತಾಳದ ಬದಲು ಚಪ್ಪಾಳೆ, ಏಕೆಂದರೆ ಕಿವಿಯ ಯಂತ್ರ ಹಾಕಿದವರಿಗೆ ತಾಳದ ಸದ್ದು ಚುಚ್ಚುತ್ತದೆ. ಯಕ್ಷಗಾನದ ಪದ ಎಲ್ಲರಿಗೂ ಇಷ್ಟ, ಆದರೆ ಚೆಂಡೆ ಬೆಚ್ಚಿಬೀಳಿಸುತ್ತದೆ. ಆದ್ದರಿಂದ ಭಾಗವತಿಕೆ, ಮದ್ದಳೆ ಮಾತ್ರ, ಸಣ್ಣ ದನಿಯಲ್ಲಿ. ಹಾಡು ಹುಡುಕುವಾಗ ಅವರ ಹತ್ತರಿಂದ ಮೂವತ್ತರ ವಯಸ್ಸಿನಲ್ಲಿ ಊರಲ್ಲಿ ಕೇಳುತ್ತಿದ್ದದ್ದು ಯಾವುದು ಎಂದು ನೋಡಿದರೆ ಗುರಿ ತಪ್ಪುವುದಿಲ್ಲ. ಕೊಂಕಣಿ ಕ್ರೈಸ್ತ ಮನೆಯವರು ಜಪಸರ ತಂದರು, ಬ್ಯಾರಿ ಮುಸ್ಲಿಂ ಮನೆಯವರು ತಸ್ಬಿ ಎಂಬ ಜಪಮಣಿ ತಂದರು. ಅವರವರ ಮಣಿ ಅವರವರ ಕೈಯಲ್ಲಿ. ತುಟಿ ತಾನಾಗಿ ಅಲುಗುತ್ತದೆ.

ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಕಲಿಸಿದ ಮನೆಯವರಿಗೆ ಕೈಮುಗಿದಿದ್ದೇವೆ. ನಂತರ ಕಲಿತ ಭಾಷೆ ಅನೇಕರಲ್ಲಿ ಮೊದಲು ಜಾರುತ್ತದೆ, ತಾಯಿಮಾತು ಹೆಚ್ಚು ಕಾಲ ಉಳಿಯುತ್ತದೆ. ಶಿಷ್ಟ ಕನ್ನಡದಲ್ಲಿ ಐದು ಸಲ ಕೇಳಿದರೂ ಕದಲದವರು, ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು, ತುಳುವಿನಲ್ಲಿ "ಕುಲ್ಲುಲೆ ಅಮ್ಮ, ಒಣಸ್ ಆಂಡಾ?" (ಕೂತುಕೊಳ್ಳಿ ಅಮ್ಮ, ಊಟ ಆಯ್ತಾ?) ಎಂದರೆ ತಿರುಗಿ ನೋಡುತ್ತಾರೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಅಷ್ಟರೊಳಗೆ ಮತ್ತೊಂದು ಪ್ರಶ್ನೆ ಎಸೆದರೆ ಮೊದಲನೆಯದೂ ಕಳೆದುಹೋಗುತ್ತದೆ. "ನಾನು ಯಾರು ಹೇಳಿ ನೋಡುವ?" ಎಂಬ ಪರೀಕ್ಷೆಯನ್ನು ನೂರು ವಾರಗಳಲ್ಲಿ ನಾವೆಲ್ಲ ಸೇರಿ ಈ ಚಾವಡಿಯಿಂದ ಓಡಿಸಿದೆವು. "ಅಮ್ಮಾ, ನಾನು ನಿಮ್ಮ ಮಗಳು ಬಂದೆ" ಎಂದರೆ ಆಯಿತಲ್ಲ. "ಮನೆಗೆ ಹೋಗಬೇಕು" ಎಂದು ತಮ್ಮದೇ ಮನೆಯಲ್ಲಿ ಕೂತು ಹೇಳಿದರೆ ವಾದ ಬೇಡ. ಶೌಚಕ್ಕೆ ಹೋಗಬೇಕೋ, ಹಸಿವೋ, ಎಲ್ಲಾದರೂ ನೋವೋ ನೋಡಿ. ಆಮೇಲೆ ಆ ಮನೆಯ ಅಂಗಳದಲ್ಲಿ ಏನೇನಿತ್ತು ಎಂದು ಕೇಳಿ.

ರಿಕ್ಷಾದ ಅಣ್ಣಂದಿರು ಪ್ರತಿ ವಾರ ಅದೇ ದಾರಿಯಲ್ಲೇ ಕರೆತಂದರು, ಹಾರ್ನ್ ಹಾಕದೆ. ಹೊತ್ತು ಮೀರದ ಹಾಗೆ ಮನೆ ಸೇರಿಸಿದರು. ಸಂಜೆಯಾಗುತ್ತಾ ಬಂದ ಹಾಗೆ ಅನೇಕರಿಗೆ ಚಡಪಡಿಕೆ ಏರುತ್ತದೆ, ಕೂಟವನ್ನು ಬೆಳಿಗ್ಗೆ ಇಟ್ಟದ್ದೂ ಅದಕ್ಕೇ. ಚಾವಡಿಯ ಮನೆಯವರು ಕೆಂಪು ಗಾರೆ ನೆಲಕ್ಕೆ ಹೊಳಪು ಹಾಕುವುದನ್ನೇ ಬಿಟ್ಟರು. ಹೊಳೆಯುವ ನೆಲ ಅವರ ಕಣ್ಣಿಗೆ ನೀರು ನಿಂತಂತೆ, ಬಾಗಿಲ ಕಪ್ಪು ಚಾಪೆ ಹೊಂಡದಂತೆ ಕಾಣಬಹುದು. ದಾಟಲು ಹೆದರಿ ನಿಂತವರನ್ನು ಹಠಮಾರಿ ಎನ್ನುವ ಮೊದಲು ನೆಲ ನೋಡಬೇಕು.

ತಿಂಡಿ ತಂದವರಿಗೆ: ನಿಮ್ಮ ಮೆತ್ತನೆಯ ಸಿಹಿ ರಾಗಿ ಮಣ್ಣಿ, ಮಾಗಿದ ಬಾಳೆಹಣ್ಣು ಎಲ್ಲರಿಗೂ ಹಿಡಿಸಿತು. ಚಕ್ಕುಲಿ, ನೆಲಗಡಲೆ, ಚುರುಮುರಿ ನಾವು ತಿರುಗಿಸಿ ಕಳುಹಿಸಿದ್ದಕ್ಕೆ ಬೇಸರ ಬೇಡ, ನುಂಗುವುದು ಕಷ್ಟವಾದವರಿಗೆ ಅವು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಎಳನೀರು ಕೂಡ ವೈದ್ಯರನ್ನು ಕೇಳದೆ ಕೊಡುವಂತಿಲ್ಲ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಕೊನೆಯ ಹತ್ತು ನಿಮಿಷ ಕೈಗೆ ತೆಂಗಿನೆಣ್ಣೆ ಸವರಲು ಕಲಿಸಿದ ನಿವೃತ್ತ ನರ್ಸಮ್ಮಂದಿರಿಗೆ ಪ್ರಣಾಮ. ಎಣ್ಣೆಯನ್ನು ನಮ್ಮ ಅಂಗೈಯಲ್ಲೇ ಬಿಸಿಮಾಡಿ, ಮೊದಲು ಹೇಳಿ, ಕೈ ಚಾಚಿದರೆ ಮಾತ್ರ ಹಿಡಿದು, ಮಣಿಕಟ್ಟಿನಿಂದ ಬೆರಳ ತುದಿಗೆ, ಒಂದೊಂದು ಕೈಗೆ ಐದು ನಿಮಿಷ. ವಯಸ್ಸಾದ ಚರ್ಮ ಕಾಗದದ ಹಾಗೆ, ಉಜ್ಜಬಾರದು. ಇದೇ ಹೊತ್ತಿನಲ್ಲಿ ಗಾಯ, ಊತ, ಹೊಸ ನೋವು ಕಣ್ಣಿಗೆ ಬೀಳುತ್ತವೆ. ಎಣ್ಣೆ ಹಚ್ಚಿದ ಮೇಲೆ ಬೈರಾಸಿನಲ್ಲಿ ಒರೆಸದೆ ಎಬ್ಬಿಸಿದರೆ ಹಿಡಿಕೆಯಿಂದ ಕೈ ಜಾರುತ್ತದೆ.

ಉಚಿತವಾಗಿ ಬಂದು ನೋಡಿದ ವೈದ್ಯರು ಒಂದು ವಿಷಯವನ್ನು ತಲೆಗೆ ಹತ್ತಿಸಿದರು, ಅದು ಎಲ್ಲ ಮನೆಗೂ ತಲುಪಬೇಕು. ನಿನ್ನೆವರೆಗೆ ಸಮಾಧಾನವಾಗಿದ್ದವರು ಒಂದೆರಡು ದಿನದಲ್ಲಿ ಏಕಾಏಕಿ ಕಿರುಚಾಡಿದರೆ, ಅಥವಾ ಪೂರಾ ಮಂಕಾದರೆ "ಕಾಯಿಲೆ ಜಾಸ್ತಿಯಾಯ್ತು" ಎಂದು ಕೂರಬಾರದು. ಮೂತ್ರದ ಸೋಂಕು, ಮಲಬದ್ಧತೆ, ಜ್ವರ, ನೀರು ಕಡಿಮೆಯಾದದ್ದು, ಹೊಸ ಮಾತ್ರೆ ಕಾರಣವಾಗಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಬೇಕು. ಹೂ, ಹಾಡು, ಎಣ್ಣೆಯಿಂದ ಕಾಯಿಲೆ ವಾಸಿಯಾಗುವುದಿಲ್ಲ ಎಂದೂ ಅವರು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದರು. ಆ ಪ್ರಾಮಾಣಿಕತೆಗೆ ಕೃತಜ್ಞರು. ದೇಶದಲ್ಲಿ ಸುಮಾರು 88 ಲಕ್ಷ ಹಿರಿಯರಿಗೆ ಮರೆಗುಳಿ ಇದೆ ಎಂಬ ಅಂದಾಜು ಇದೆ. ಹಾಗಿದ್ದರೂ ಎಷ್ಟೋ ಮನೆಗಳು ಇದನ್ನು ಒಳಗೊಳಗೇ ಮುಚ್ಚಿಟ್ಟು ದಣಿಯುತ್ತಿವೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ.

ಹಿರಿಯರೇ, ನೀವು ಕಟ್ಟಿದ ಒಂದೊಂದು ಮೊಳ ಮಲ್ಲಿಗೆ ನಿಮ್ಮನಿಮ್ಮ ಮನೆಯ ದೇವರ ಪಟಕ್ಕೇ ಹೋಗಿದೆ. ಕಟ್ಟಿದ್ದು ಯಾರೆಂದು ನಿಮಗೆ ನೆನಪಿಲ್ಲದಿದ್ದರೂ ಮನೆಯವರಿಗೆ ನೆನಪಿದೆ.

ಮಳೆ ಹಿಡಿಯಿತು, ಮಲ್ಲಿಗೆ ಇನ್ನು ಕಡಿಮೆ, ದರವೂ ಏರುತ್ತದೆ. ಯಾರ ಹಿತ್ತಿಲಲ್ಲಾದರೂ ಅಬ್ಬಲಿಗೆ (ಕನಕಾಂಬರ) ಇದ್ದರೆ ಬುಧವಾರ ಹತ್ತು ಗಂಟೆಯೊಳಗೆ ಎರಡು ಹಿಡಿ ತಲುಪಿಸಿ. ಹಳೆ ಬೈರಾಸು ಇನ್ನೂ ಆರು ಬೇಕು, ತೊಳೆದು ಮೆತ್ತಗಾದದ್ದೇ ಆಗಲಿ.