ಬಳಚು ಪ್ರಾಣಿಯಲ್ವಾ?

ಮಾನ್ಯ ಸಂಪಾದಕರೇ,

ಕಳೆದ ವಾರ ಎರಡನೇ ಕ್ಲಾಸಿನ ಮೊಮ್ಮಗಳು ಇಂಗ್ಲಿಷ್ ವರ್ಕ್‌ಶೀಟ್ ತಂದು ಮುಂದೆ ಹಿಡಿದಳು. ‘ಅನಿಮಲ್’ಗಳಿಗೆ ಸುತ್ತು ಹಾಕಬೇಕಿತ್ತು. ಹಸು, ನಾಯಿ, ಕಾಗೆ, ಮೀನು, ಇರುವೆ, ಒಬ್ಬ ಹುಡುಗ, ಒಂದು ತೆಂಗಿನಮರ. ಇವಳು ಮರ ಬಿಟ್ಟು ಎಲ್ಲಕ್ಕೂ ಸುತ್ತು ಹಾಕಿದ್ದಳು. ಹಸು, ನಾಯಿಗೆ ಮಾತ್ರ ಮಾರ್ಕು ಸಿಕ್ಕಿದೆ. ಉಳಿದದ್ದಕ್ಕೆಲ್ಲ ಕೆಂಪು ಗೀಟು. “ಅಜ್ಜ, ಹಾಗಾದ್ರೆ ಮೀನು ತರಕಾರಿಯಾ?” ಅಂತ ಕೇಳಿದಳು. ನಮ್ಮ ಕಾರವಾರದಲ್ಲಿ ಮೀನನ್ನು ಹಾಗೆ ಕರೆದು ತಿನ್ನುವವರೂ ಇದ್ದಾರೆ, ಅದು ಬೇರೆ ವಿಷಯ.

ಟೀಚರನ್ನು ಪೂರ್ತಿ ದೂರಲಾರೆ. ದಿನಬಳಕೆಯ ಇಂಗ್ಲಿಷಿನಲ್ಲಿ ಅನಿಮಲ್ ಅಂದರೆ ನಾಲ್ಕು ಕಾಲು, ಮೈತುಂಬ ಕೂದಲು ಅನ್ನೋ ಅರ್ಥವೇ ಜಾಸ್ತಿ. ನಾವೂ ‘ಪ್ರಾಣಿ, ಪಕ್ಷಿ’ ಅಂತ ಬೇರೆ ಬೇರೆ ಮಾಡಿಯೇ ಹೇಳುತ್ತೇವೆ. ಆದರೆ ಆ ಪದದ ಬೇರು ಲ್ಯಾಟಿನ್ನಿನ ‘ಅನಿಮಾ’. ಅಂದರೆ ಉಸಿರು, ಜೀವ. ನಮ್ಮ ಪ್ರಾಣಿಯೂ ಪ್ರಾಣದಿಂದಲೇ ಬಂದದ್ದು, ಅಲ್ವಾ? ಎಲ್ಲೆಲ್ಲೋ ಇದ್ದ ಎರಡು ಭಾಷೆಗಳಿಗೆ ಒಂದೇ ಯೋಚನೆ ಹೊಳೆದಿದೆ. ಬೈಗುಳದಲ್ಲಿ ಮಾತ್ರ ದಾರಿ ಬೇರೆ. ಇಂಗ್ಲಿಷಿನಲ್ಲಿ ಒಬ್ಬನಿಗೆ ಅನಿಮಲ್ ಅಂದರೆ ಅವನು ಕ್ರೂರಿ. ನಾವು ‘ಪಾಪದ ಪ್ರಾಣಿ’ ಅಂದರೆ ಅದು ಕನಿಕರ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆ ತೆಗೆದು ನೋಡಿ. ಮನುಷ್ಯನನ್ನು ಬಿಟ್ಟು ಉಳಿದ ಯಾವ ಜೀವಿಯಾದರೂ ಅನಿಮಲ್ ಅಂತಿದೆ. ಆ ಲೆಕ್ಕಕ್ಕೆ ಮೊಮ್ಮಗಳ ತಪ್ಪು ಆ ಹುಡುಗ ಒಬ್ಬನೇ. ಜೀವಶಾಸ್ತ್ರದವರನ್ನು ಕೇಳಿದರೆ ಅವನೂ ಪಾಸು. ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ನೀರಿನಡಿ ಕಲ್ಲಿನ ಹಾಗೆ ಕೂತಿರುವ ಹವಳವೂ ಅವರ ಪಟ್ಟಿಯಲ್ಲಿ ಪ್ರಾಣಿಯೇ.

ಅಷ್ಟು ದೂರ ಯಾಕೆ? ಅಘನಾಶಿನಿ ನದಿಯ ಕೆಸರಿನಲ್ಲಿ ಹೆಕ್ಕಿದ ಬಳಚನ್ನು, ಅಂದರೆ ಚಿಪ್ಪುಮೀನನ್ನು, ಮರಳು ಬಿಡಲಿ ಅಂತ ರಾತ್ರಿ ಉಪ್ಪುನೀರಲ್ಲಿ ಹಾಕಿಡುತ್ತೇವಲ್ಲ. ದೀಪ ಹಾಕಿ ಸುಮ್ನೆ ನೋಡಿ. ಚಿಪ್ಪು ಒಂದು ಎಳೆಯಷ್ಟು ತೆರೆದಿರುತ್ತದೆ. ಒಳಗಿಂದ ಎರಡು ಪುಟ್ಟ ಕೊಳವೆ ಹೊರಗೆ ಬಂದು ನೀರು ಎಳೆದು ಬಿಡುತ್ತಿರುತ್ತವೆ. ಬೆರಳು ತಾಗಿಸಿದರೆ ಟಪ್ ಅಂತ ಮುಚ್ಚಿಕೊಳ್ಳುತ್ತದೆ. ಮೊಮ್ಮಗಳಿಗೆ ಇದನ್ನು ತೋರಿಸಿದೆ. ಮರುದಿನ ಅವಳು ಬಳಚಿನ ಸುಕ್ಕಾ ಮುಟ್ಟಲಿಲ್ಲ. ಅದಕ್ಕೆ ಮನೆಯಲ್ಲಿ ಬೈಸಿಕೊಂಡವನು ನಾನು.

ನಿಮ್ಮ ಮಕ್ಕಳ ಪುಟದಲ್ಲೂ ‘ಅನಿಮಲ್ಸ್’ ಅಂದಾಗಲೆಲ್ಲ ಹುಲಿ, ಆನೆ, ಹಸುವಿನದೇ ಚಿತ್ರ. ಮುಂದಿನ ಸಲ ಒಂದು ಏಡಿ, ಒಂದು ಕಾಗೆ ಸೇರಿಸಿ. ಅದನ್ನೇ ಕತ್ತರಿಸಿ ವರ್ಕ್‌ಶೀಟಿಗೆ ಪಿನ್ ಮಾಡಿ ಕಳಿಸುತ್ತೇನೆ. ಅಲ್ಲಿಯವರೆಗೆ ಪಾಲಕರ ಸಹಿ ಬಾಕಿ.

ಇತಿ,
ಒಬ್ಬ ಅಜ್ಜ, ಕಾರವಾರ