ಪಿಸಿಟಿ (ಅಮೆರಿಕದ ಪಶ್ಚಿಮದ ದೀರ್ಘ ಚಾರಣ ದಾರಿ ಪೆಸಿಫಿಕ್ ಕ್ರೆಸ್ಟ್ ಟ್ರೈಲ್) ಮರುಭೂಮಿ ಭಾಗ: ದಂಪತಿಗಳ ಗಮನಕ್ಕೆ

ಏಪ್ರಿಲ್‌ನಲ್ಲಿ ದಾರಿಯ ದಕ್ಷಿಣ ತುದಿಯ ಕ್ಯಾಂಪೋದಿಂದ ಹೊರಡುವವರೇ, ಲೇಕ್ ಮೊರೆನಾವರೆಗಿನ ಮೊದಲ 32 ಕಿ.ಮೀ. ದಾರಿಯಲ್ಲಿ ನೀರು ನಂಬುವಂತಿಲ್ಲ. ತಲಾ 5–6 ಲೀಟರ್ ಹೊತ್ತುಕೊಳ್ಳಿ. ಟೆಂಟ್ ಒಬ್ಬರಿಗೆ, ಸ್ಟೌ-ಗ್ಯಾಸ್-ಪಾತ್ರೆ ಇನ್ನೊಬ್ಬರಿಗೆ ಹಂಚಿದರೆ ಸರಿ. ನೀರು, ನಕ್ಷೆ, ಹೆಡ್‌ಲ್ಯಾಂಪ್ ಮಾತ್ರ ಇಬ್ಬರ ಬಳಿಯೂ ಇರಲೇಬೇಕು. ಒಬ್ಬರು ಮುಂದೆ ಹೋಗಿಬಿಟ್ಟರೆ ಹಿಂದುಳಿದವರಿಗೆ ಗುಟುಕು ನೀರೂ ಸಿಗದು.

ಬೆಳಗ್ಗೆ 5ಕ್ಕೆ ಹೊರಟು 11ರೊಳಗೆ ನೆರಳು ಹಿಡಿಯಿರಿ. ಮತ್ತೆ ನಡಿಗೆ 4ರ ನಂತರ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಕರಿಕೆ, ತಲೆನೋವು ಬರುತ್ತದೆ. ಓಆರ್‌ಎಸ್ ಇರಲಿ.

ಮುಂದೆ ಸ್ಯಾನ್ ಜಸಿಂಟೊ ಪರ್ವತ ಏರಿದ ಮೇಲೆ ಲೆಕ್ಕ ಬೇರೆ. ಅಲ್ಲಿನ ಫುಲ್ಲರ್ ರಿಜ್‌ನಲ್ಲಿ ವಸಂತದಲ್ಲೂ ಹಿಮ ಇರಬಹುದು. ಒದ್ದೆಯಾದ ನೀರಿನ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗಿನ ಸಣ್ಣ ನಳಿಕೆಗಳು ಸೀಳುತ್ತವೆ, ಹೊರಗಿನಿಂದ ಗೊತ್ತಾಗುವುದೂ ಇಲ್ಲ. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಿ; ಯಾರ ಬ್ಯಾಗಿನಲ್ಲಿ ಎಂಬ ಜಗಳ ಮೊದಲೇ ಮುಗಿಸಿ.